ಸಾಲಿನ ಕೊನೆಗೆ ಸಣ್ಣಗಾದ ಅಕ್ಷರ

ನಮ್ಮ ಯಜಮಾನರಿಗೆ ಕಾಯಿಲೆ ಇದೆ ಅಂತ ಮೊದಲು ತಿಳಿದದ್ದು ಮಕ್ಕಳ ಅಕ್ಷರದಿಂದ.

ಅವರು ಟಿ. ನರಸೀಪುರದ ಒಂದು ಶಾಲೆಯಲ್ಲಿ ಮೇಷ್ಟ್ರು. ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಬೋರ್ಡಿನ ಮೇಲೆ ಅವರು ಒಂದು ಸಾಲು ಬರೆಯುತ್ತಾರೆ, ಮಕ್ಕಳು ಅದನ್ನು ನೋಡಿ ಹಾಗೇ ಬರೆಯಬೇಕು. ತಲೆಕಟ್ಟು, ದುಂಡು, ಒತ್ತಕ್ಷರ ನೋಡಿ ಮಾರ್ಕ್ಸ್. ಕಳೆದ ವರ್ಷ ಮನೆಗೆ ತಂದ ಕಾಪಿಗಳನ್ನು ತಿದ್ದುತ್ತಾ ರೇಗುತ್ತಿದ್ದರು.

"ನೋಡೇ, ಇಡೀ ಕ್ಲಾಸು ಇರುವೆ ಸಾಲಿನ ಹಾಗೆ ಬರೀತಿದೆ. ಇವಕ್ಕೇನು ಬಂತು?"

"ಮೊಬೈಲು ಕಣ್ರೀ," ಅಂದೆ. ಇಬ್ಬರೂ ಹಾಗೇ ನಂಬಿದೆವು.

ಚೆನ್ನಾಗಿ ಬರೆಯುತ್ತಿದ್ದ ಸಿಂಧು ಅನ್ನೋ ಹುಡುಗಿಗೂ ಮಾರ್ಕ್ಸ್ ಕಟ್ ಮಾಡಿದರು. ತಾಲ್ಲೂಕಿನ ಬರವಣಿಗೆ ಸ್ಪರ್ಧೆಗೆ ಅವಳನ್ನು ಬಿಟ್ಟು ಬೇರೆಯವರನ್ನು ಕಳಿಸಿದರು. ಅವಳು ಅಳುತ್ತಾ, "ಬೋರ್ಡಲ್ಲಿ ಇದ್ದಂಗೇ ಬರ್ದಿದೀನಿ ಸಾ," ಅಂದಳಂತೆ.

ಇವರು ಹಿಂದಿನ ಬೆಂಚಿನ ತನಕ ನಡೆದುಹೋಗಿ ತಿರುಗಿ ನೋಡಿದರು. ಸಾಲಿನ ಶುರುವಿನಲ್ಲಿ ದೊಡ್ಡ ಅಕ್ಷರ. ಕೊನೆಗೆ ಬರುವಷ್ಟರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ.

ಬರೆದದ್ದು ಇವರೇ.

ಮೈಸೂರಿನ ನ್ಯೂರಾಲಜಿಸ್ಟು ಪೇಪರು ಕೊಟ್ಟು ಬರೆಸಿದರು. ಬೆರಳು ಮಡಿಸಿ ಬಿಡಿಸಿ ಅಂದರು. ಕಾರಿಡಾರಿನಲ್ಲಿ ನಡೆಸಿದರು.

"ಪಾರ್ಕಿನ್ಸನ್ಸ್. ಕೆಲವರಿಗೆ ಕೈ ನಡುಗೋಕ್ಕಿಂತ ಮುಂಚೆ ಅಕ್ಷರ ಸಣ್ಣಗಾಗುತ್ತಮ್ಮ."

"ವಾಸಿ ಆಗುತ್ತಾ ಡಾಕ್ಟ್ರೇ?"

"ಮಾತ್ರೆ ಕೊಟ್ಟು ಕಂಟ್ರೋಲಲ್ಲಿ ಇಡಬಹುದು."

ಈಗ ಶಾಲೆಯಲ್ಲಿ ಬೋರ್ಡಿಗೆ ಬೇರೆ ಟೀಚರ್ ಬರೆಯುತ್ತಾರೆ. ಬೆಳಗಿನ ಮಾತ್ರೆ ಹಿಡಿಯುವವರೆಗೆ ಅಂಗಿ ಗುಂಡಿ ನಾನೇ ಹಾಕುತ್ತೇನೆ. ಅನ್ನ ಅವರೇ ಕಲಸಿಕೊಳ್ಳುತ್ತಾರೆ. ನಮ್ಮೂರ ದೇವರು ನಂಜುಂಡಪ್ಪ ಅಷ್ಟು ಉಳಿಸಿದ್ದಾನೆ.

ಆದರೆ ಸಿಂಧುವಿಗೆ ಅನ್ಯಾಯ ಮಾಡಿದೆ ಅನ್ನೋ ಕೊರಗು ಇವರನ್ನು ಬಿಡಲಿಲ್ಲ. ಮಾತ್ರೆ ಮೈಗೆ ಹೊಂದಿಕೊಂಡ ಮೇಲೆ ಇಬ್ಬರೂ ಅವಳ ಮನೆಗೆ ಹೋದೆವು. ಇವರು ನಡೆದದ್ದನ್ನೆಲ್ಲ ಹೇಳಿ, "ತಪ್ಪು ನಂದು ಕಣಮ್ಮ," ಅಂದರು.

ಅವಳ ತಾಯಿ ಕಾಫಿ ಲೋಟ ಇಡುತ್ತಾ ಅಂದರು: "ಬುಡಿ ಸಾ, ಕಾಯ್ಲೆ ಯೋಳಿ ಕೇಳಿ ಬತ್ತದಾ? ಆದ್ರೆ ಈಗ ಐಸ್ಕೂಲಲ್ಲೂ ಬೈತಾವ್ರೆ. ಎಷ್ಟ್ ತಿದ್ದುದ್ರೂ ಇವ್ಳುದು ಕೊನೇಲಿ ಸಣ್ಣಗಾಗ್ಬುಡ್ತದೆ."

ಇವರ ಕಾಯಿಲೆ ಆ ಮಗುವಿನ ಕೈಗೆ ಅಭ್ಯಾಸವಾಗಿ ಕೂತಿತ್ತು.

ಆಮೇಲೆ ನಮ್ಮ ಭಾನುವಾರಗಳೆಲ್ಲ ಅಲ್ಲೇ. ಫಿಸಿಯೋಥೆರಪಿಸ್ಟು ಇವರಿಗೂ ಅಗಲವಾದ ಗೆರೆಗಳ ನಡುವೆ ದೊಡ್ಡದಾಗಿ ಬರೆಯೋಕೆ ಹೇಳಿದ್ದರು. ಜಗಲಿಯ ಮೇಲೆ ಮೇಷ್ಟ್ರು, ಹುಡುಗಿ ಪಕ್ಕಪಕ್ಕ ಕೂತು ಬರೆಯುತ್ತಿದ್ದರು. "ಸಾ, ನಿಮ್ದು ಮತ್ತೆ ಕುಗ್ತು. ಮಾರ್ಕ್ಸ್ ಕಟ್!" ಅಂತ ಅವಳು ನಗುತ್ತಿದ್ದಳು. ಇವರೂ ನಗುತ್ತಿದ್ದರು.

ಸ್ಪರ್ಧೆ ಹೋದದ್ದು ಹೋಯಿತು. ಅದನ್ನು ಯಾರಿಂದಲೂ ವಾಪಸ್ ಕೊಡಲಾಗಲಿಲ್ಲ. ದಸರಾ ರಜೆಯ ಹೊತ್ತಿಗೆ ಸಿಂಧುವಿನ ಅಕ್ಷರ ಸಾಲಿನ ಕೊನೆಯವರೆಗೂ ಒಂದೇ ಸಮ ನಿಂತಿತು. ಇವರದು ನಿಲ್ಲಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಇವರು "ಒಬ್ಬರದಾದರೂ ಸರಿಹೋಯ್ತಲ್ಲೇ," ಅಂದರು.

ಸೀಟಿನಲ್ಲಿ ಕೂತಲ್ಲೇ ದೇವರಿಗೆ ಕೈ ಮುಗಿದೆ.