ಮಾಕಳಿದುರ್ಗಕ್ಕೆ ನಿಧಾನವಾಗಿ ಬಡಿದ ತಂತಿ

ನಮ್ಮ ಸ್ಟೇಷನ್ ಮಾಸ್ಟರ ಬಲಗೈ ತೋರುಬೆರಳು ಸುಮ್ಮನಿದ್ದುದನ್ನು ನಾನು ಒಂದೇ ಸಲ ಕಂಡಿದ್ದು. ಕಾಫಿ ಲೋಟ, ಮೊಣಕಾಲು, ನಮ್ಮ ಬೇಲಿಯ ಕಲ್ಲು, ಸಿಕ್ಕಿದ್ದರ ಮೇಲೆಲ್ಲ ಕಟಕಟ ಬಡಿಯುತ್ತಿತ್ತು. ಆಗ ದೊಡ್ಡಬಳ್ಳಾಪುರದಿಂದ ಮುಂದಿನ ಸ್ಟೇಷನ್ನಿಗೆ ಸುದ್ದಿ ಹೋಗುತ್ತಿದ್ದುದು ಆ ಬೆರಳು ಬಡಿದ ತಂತಿಯಲ್ಲೇ.

ಅಂದು ಬೆಳಿಗ್ಗೆ ಹಿತ್ತಲಲ್ಲಿ ಕೂತು ನೆನೆದ ಅವರೇಕಾಳಿನ ಸಿಪ್ಪೆ ಹಿಸುಕುತ್ತಿದ್ದೆ. ಅತ್ತೆಯನ್ನು ಬೆಂಗಳೂರಿನಿಂದ ಕರೆತರಲು ಹೋಗಿದ್ದ ಯಜಮಾನರು ಬೇಲಿಯಾಚೆ ಪ್ಲಾಟ್‌ಫಾರಮ್ಮಿನಿಂದಲೇ ಕೂಗಿದರು.

"ಅಮ್ಮ ಇಳೀಲೇ ಇಲ್ಲ ಕಣೇ. ಹೆಂಗಸರ ಡಬ್ಬೀಲಿ ಕೂರಿಸಿದ್ದೆ. ಹೋಗಿ ನೋಡೋಷ್ಟರಲ್ಲಿ ರೈಲು ಹೊರಟ್ಬಿಡ್ತು."

ಅತ್ತೆಗೆ ಕಣ್ಣು ಮಂಜು. ಸಾಲದ್ದಕ್ಕೆ ಅಂದು ಮೌನವ್ರತ. ಮನೆಗೆ ಬಂದು ದೀಪ ಹಚ್ಚುವವರೆಗೆ ಬಾಯಿ ಬಿಡುವವರಲ್ಲ. ಯಾವ ಊರು ಬಂತೆಂದು ಕೇಳರು, ಕೇಳಿದವರಿಗೂ ಹೇಳರು. ಮುಂದಿನ ಸ್ಟೇಷನ್ ಮಾಕಳಿದುರ್ಗದಲ್ಲಿ ಯಾರಾದರೂ ಇಳಿಸದಿದ್ದರೆ ಆಂಧ್ರದ ಯಾವ ಊರು ಸೇರುತ್ತಾರೋ. ಸಿಪ್ಪೆ ಮೆತ್ತಿದ ಕೈಯಲ್ಲೇ ಸ್ಟೇಷನ್ನಿಗೆ ಓಡಿದೆ.

ಮಾಸ್ಟರು ತಂತಿ ಬಡಿಯುತ್ತಿದ್ದರು. ಆಚೆಯಿಂದ ಯಂತ್ರ ಟಕಟಕ ಎಂದು ಅಡ್ಡ ಬಂತು. ಮತ್ತೆ ಬಡಿದರು, ಮತ್ತೆ ಅಡ್ಡ.

"ಅಲ್ಲಿಗೆ ಹೊಸಬ ಬಂದಿದ್ದಾನಮ್ಮ. ನನ್ನ ವೇಗ ಅವನಿಗೆ ಸಿಗ್ತಿಲ್ಲ."

ಆಮೇಲೆ ಒಂದೊಂದೇ ಅಕ್ಷರ, ನಡುನಡುವೆ ಉಸಿರು ಬಿಡುವಷ್ಟು ಸಮಯ ಕೊಟ್ಟು ಬಡಿಯತೊಡಗಿದರು. ತಂತಿಯವರು ಯಾರೂ ಅಷ್ಟು ನಿಧಾನ ಬಡಿಯುವುದಿಲ್ಲ.

"ರೈಲು ಓಡ್ತಿದೆ ಸ್ವಾಮಿ, ಬೇಗ ಹೊಡೀರಿ," ಎಂದರು ಯಜಮಾನರು.

"ಬೇಗ ಹೊಡೆದ್ರೆ ನನ್ನ ಕೈ ಬಿಡುತ್ತೆ, ಅವನ ಕಿವಿ ಸೇರಲ್ಲ. ಕೇಳೋನ ಕಿವಿ ನೋಡ್ಕೊಂಡು ಬಡೀಬೇಕಪ್ಪ. ಸೀರೆ ಯಾವ ಬಣ್ಣ?"

ಯಜಮಾನರು ನನ್ನ ಮುಖ ನೋಡಿದರು.

"ಕೆಂಪು, ವ್ರತದ ದಿನ ಅದನ್ನೇ ಉಡೋದು," ಎಂದೆ. "ವ್ರತ ಇದೆ, ಮಾತಾಡಲ್ಲ ಅಂತಲೂ ತಿಳಿಸಿ."

"ಅಷ್ಟುದ್ದ ಯಾಕೆ? ಮೂಕಿ ಅಂತ ಹೊಡೀತೀನಿ. ನಿಮ್ಮತ್ತೆಗೆ ಹೇಳ್ಬೇಡ ತಾಯಿ."

ಘಾಟಿ ಸುಬ್ಬಪ್ಪ ದೇವರನ್ನು ನೆನೆಯುತ್ತ ಆ ಬೆರಳನ್ನೇ ನೋಡುತ್ತಿದ್ದೆ. ಈ ಸಲ ಅಡ್ಡ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಯಂತ್ರ ತೊದಲುತ್ತ ಬಡಿದುಕೊಂಡಿತು.

"ಇಳಿಸಿದಾನಂತೆ. ಸೀರೆ ಸರಿಮಾಡ್ಕೊಂಡು ಬೆಂಚಿನ ಮೇಲೆ ಕೂತಿದ್ದಾರಂತೆ," ಎಂದು ಮಾಸ್ಟರು ನಕ್ಕರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮಾಸ್ಟರು ತೀರಿಕೊಂಡು ವರ್ಷಗಳಾದವು. ಮೊಮ್ಮಗಳಿಗೆ ಏನಾದರೂ ಹೇಳಿಕೊಡುವಾಗ ಇವತ್ತಿಗೂ ಮೊದಲು ಅವಳ ಮುಖ ನೋಡುತ್ತೇನೆ, ಮಾತು ತಾನಾಗಿ ನಿಧಾನವಾಗುತ್ತದೆ. ಅದು ಅವರ ಋಣ.

ಅಂದು ಎದುರು ರೈಲಿನಲ್ಲಿ ಬಂದ ಅತ್ತೆಯನ್ನು ಮಾಸ್ಟರೇ ಮನೆ ಬಾಗಿಲವರೆಗೆ ಕರೆತಂದರು. ಅತ್ತೆ ದೀಪ ಹಚ್ಚಿ, ಕೈಮುಗಿದು, ಬಾಯಿ ಬಿಟ್ಟರು.

"ಆ ಹುಡುಗ ಡಬ್ಬಿ ಮುಂದೆ ನಿಂತು ಮೂಕಮ್ಮ, ಇಳೀರಿ ಅಂದ್ನಲ್ಲ, ಅವನಿಗೆ ಹೇಳಿಕೊಟ್ಟೋರು ಯಾರೇ?"

ಬಾಗಿಲ ಚೌಕಟ್ಟು ಬಡಿಯುತ್ತಿದ್ದ ಬೆರಳು ತಟ್ಟನೆ ನಿಂತಿತು.

ನಾನು ನಗು ನುಂಗಿಕೊಂಡು ಹಿತ್ತಲಿಗೆ ಹೋದೆ. ಮಾಸ್ಟರ ಮನೆಗೂ ಸಾರು ಕೊಡಬೇಕಿತ್ತು, ಇನ್ನೂ ಅರ್ಧ ಪಾತ್ರೆ ಕಾಳು ಹಿಸುಕುವುದಿತ್ತು.