ಹಲ್ಲಿನ ಡಾಕ್ಟರು ಮತ್ತು ನನ್ನ ಬ್ರೇಕು

ಜಾಕ್ ಜಾರಿ ಕಾರು ನನ್ನ ಕಾಲ ಮೇಲೆ ಕೂರಬಹುದಿತ್ತು. ಬಿಚ್ಚಿದ ಬೋಲ್ಟು ಮೋರಿಗೆ ಉರುಳಬಹುದಿತ್ತು. ಬ್ರೇಕ್ ಪ್ಯಾಡನ್ನು ನಾನು ತಿರುಗುಮುರುಗಾಗಿ ಕೂರಿಸಬಹುದಿತ್ತು. ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಪೆಡಲ್ ಸೀದಾ ನೆಲ ಮುಟ್ಟಿ, ಬಸ್ಸಿನ ಬೆನ್ನ ಮೇಲಿನ ‘ಅಂತರ ಕಾಪಾಡಿ’ ಎಂಬ ಬರಹವನ್ನು ನಾನು ತೀರಾ ಹತ್ತಿರದಿಂದ ಓದಬಹುದಿತ್ತು. ಆಗ ಕಾರಿನಲ್ಲಿ ಮುನೀರ್ ಡಾಕ್ಟರೂ ಅವರ ಹೆಂಡತಿಯೂ ಬೇರೆ ಇರುತ್ತಿದ್ದರು. ಇನ್ಶೂರೆನ್ಸಿನವರು “ಬ್ರೇಕ್ ರಿಪೇರಿ ಮಾಡಿದ್ದು ಯಾರು?” ಎಂದು ಕೇಳಿದರೆ ಏನು ಹೇಳಬೇಕೆಂದೂ ಯೋಚಿಸಿಟ್ಟುಕೊಂಡಿದ್ದೆ.

ಮುನೀರ್ ಡಾಕ್ಟರು ಹಲ್ಲಿನ ಡಾಕ್ಟರು. ಗಂಗಾನಗರದಲ್ಲಿ ನಮ್ಮ ಪಕ್ಕದ ಮನೆ. ಕೆಳಗೆ ಕ್ಲಿನಿಕ್ಕು, ಮೇಲೆ ಸಂಸಾರ. ಭಾನುವಾರ ಬೆಳಿಗ್ಗೆ ತಮ್ಮ ಹಳೇ ಕಾರಿನ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತುಬಿಡುತ್ತಿದ್ದರು. ಹಣೆಗೆ ಕ್ಲಿನಿಕ್ಕಿನ ಲೈಟು, ಕೈಯಲ್ಲಿ ಬಾಯಿ ನೋಡುವ ಪುಟ್ಟ ದುಂಡು ಕನ್ನಡಿ. ಅದನ್ನು ಚಕ್ರದ ಸಂದಿಗೆ ತೂರಿಸಿ, “ಆ ಅನ್ನಪ್ಪಾ, ಇನ್ನೂ ದೊಡ್ಡದಾಗಿ,” ಎನ್ನುತ್ತಿದ್ದರು. ಕಾರಿಗೆಂದೇ ಬೇರೆ ಕನ್ನಡಿ ಇಟ್ಟಿದ್ದೇನೆ ಎಂದು ಆಣೆ ಮಾಡುತ್ತಿದ್ದರು. ಅವರ ರೋಗಿಯಾದ ನಾನು ಅದನ್ನು ನಂಬಲು ಬಹಳ ಪ್ರಯತ್ನಪಟ್ಟಿದ್ದೇನೆ.

ಕ್ಲಿನಿಕ್ಕಿನ ಮೇಜಿನ ಮೇಲೆ ಪ್ಲಾಸ್ಟರಿನ ದವಡೆಯೊಂದಿತ್ತು, ಕುಂಬಳಕಾಯಿ ಗಾತ್ರದ್ದು. ಅದಕ್ಕೆ ಹಲ್ಲುಜ್ಜಿ ತೋರಿಸಿಯೇ ಅವರು ನಮ್ಮ ಬಡಾವಣೆಯ ಮಕ್ಕಳನ್ನೆಲ್ಲ ಹೆದರಿಸಿದ್ದು. ಒಮ್ಮೆ ನಾನು ಹಲ್ಲೆಲ್ಲ ಉದುರಿಹೋಗುತ್ತವೆಂದು ಓಡಿಹೋದಾಗ ಕನ್ನಡಿ ಆಡಿಸಿ ನಕ್ಕಿದ್ದರು. “ರೀ ಮೂರ್ತಿ, ಏನೂ ಆಗಿಲ್ಲ. ರಾತ್ರಿಯೆಲ್ಲಾ ಚಿಂತೆ ಮಾಡ್ಕೊಂಡು ಹಲ್ಲು ಕಡೀತೀರಾ, ಸವೀತಿದೆ. ಬ್ರೇಕ್ ಒತ್ಕೊಂಡೇ ಗಾಡಿ ಓಡಿಸ್ದಂಗೆ ಇದು.”

ನನ್ನ ಕಾರಿನ ನಿಜವಾದ ಬ್ರೇಕೂ ಸವೆಯಿತು. ನಾನು ರಸ್ತೆಗೆ ತಿರುಗಿದರೆ ಕಿರ್ರ್ ಎಂಬ ಸದ್ದಿಗೆ ಬೀದಿನಾಯಿಗಳು ಎದ್ದು ನಿಲ್ಲುತ್ತಿದ್ದವು. ಶೋರೂಮಿನ ಸರ್ವಿಸ್ ಸೆಂಟರಿನಲ್ಲಿ ಸೋಫಾದಲ್ಲಿ ಕೂರಿಸಿ, ಕಾಫಿ ಕೊಟ್ಟು, ಪ್ಯಾಡು, ಡಿಸ್ಕು, ಕ್ಲೀನಿಂಗು, ಕೂಲಿ ಎಲ್ಲ ಸೇರಿಸಿ ಹದಿನಾಲ್ಕು ಸಾವಿರವೆಂದರು. “ಸೇಫ್ಟಿ ವಿಷ್ಯ ಸಾರ್,” ಎಂದ ಹುಡುಗ. ನನ್ನಂಥವನ ಹತ್ತಿರ ಆ ಮಾತು ಹೇಳಿದರೆ ಕಾರನ್ನೇ ಬರೆದುಕೊಟ್ಟು ಬರುತ್ತೇನೆ. ಹೇಗೋ ಒಂದು ದಿನದ ವಾಯಿದೆ ಕೇಳಿಕೊಂಡು ಬಂದೆ.

ಡಾಕ್ಟರು ಕನ್ನಡಿ ತೂರಿಸಿ ನೋಡಿದರು. “ಡಿಸ್ಕ್ ಗಟ್ಟಿಯಾಗಿದೆ. ಚೆನ್ನಾಗಿರೋ ಹಲ್ಲನ್ನ ಯಾಕ್ರೀ ಕೀಳಿಸ್ತೀರಾ? ಪ್ಯಾಡ್ ಸಾಕು, ಎರಡು ಸಾವಿರದೊಳಗೆ ಮುಗಿಯುತ್ತೆ.”

“ಹಾಗಾದ್ರೆ ಅವರು ಮೋಸ ಮಾಡಿದ್ರಾ ಡಾಕ್ಟ್ರೇ?”

“ಮೋಸ ಯಾಕೆ? ಸೋಫಾಗೆ ಕಾಸು, ಎಸಿಗೆ ಕಾಸು, ನಿಮ್ ಭಯಕ್ಕೆ ಕಾಸು. ನಾನೂ ಎಸಿ ಹಾಕಿಸಿದ ಮೇಲೆ ಫೀಸ್ ಏರಿಸ್ಲಿಲ್ವಾ?” ಆಮೇಲೆ ಷರತ್ತು ಬಂತು. “ಎಡಗಡೆ ಚಕ್ರ ನಾನು, ಬಲಗಡೆ ನೀವು. ನಿಮ್ ಕೆಲಸ ಸಡಿಲ ಇದ್ರೆ ಗಾಡಿ ಎಡಕ್ಕೆ ಎಳೆಯುತ್ತೆ, ಗೊತ್ತಾಗ್ಬಿಡುತ್ತೆ. ಮುಂದಿನ ವಾರ ಮನೆ ಖಾಲಿ ಮಾಡ್ತೀವಲ್ಲ, ನಮ್ ಗಾಡಿ ಮಗಳು ತಗೊಂಡು ಹೋಗ್ತಾಳೆ, ನಾನೂ ಬೇಗಮ್ಮೂ ಈ ಕಾರಲ್ಲೇ ಬಾಗಲೂರಿಗೆ ಬರೋದು.”

ಮಗಳ ಮನೆಯ ಹತ್ತಿರ ಫ್ಲ್ಯಾಟು ಕೊಂಡಿದ್ದರು. ಹೋಗುವ ಮುಂಚೆ ನನ್ನೊಬ್ಬನನ್ನು ವಾಸಿ ಮಾಡಿಯೇ ಹೋಗಬೇಕೆಂದು ಹಟ ತೊಟ್ಟಂತಿತ್ತು.

ನಾನು ಬಲಗಡೆ ಚಕ್ರಕ್ಕೆ ಪ್ಯಾಡು ಕೂರಿಸಿ ಬೋಲ್ಟು ಬಿಗಿಯುವಷ್ಟರಲ್ಲಿ ಬೆವರಿ ನೆಂದಿದ್ದೆ. ಅವರು ಸ್ಟೂಲಿನ ಮೇಲೆ ಕೂತು, “ನೋವಾದ್ರೆ ಕೈ ಎತ್ತಿ,” ಎಂದರು. ಎತ್ತಿದೆ. “ನಿಮ್ಗಲ್ಲ, ಗಾಡಿಗೆ ಹೇಳಿದ್ದು!” ಎಲ್ಲ ಮುಗಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೂ ತುಳಿಸಿದರು. ನಮ್ಮ ರಸ್ತೆಯಲ್ಲೇ ನಿಧಾನಕ್ಕೆ ಓಡಿಸಿ, ನಿಲ್ಲಿಸಿ ನೋಡಿದ್ದೂ ಆಯಿತು. ಆದರೂ ಆ ವಾರವಿಡೀ ನಾನು ಹಲ್ಲು ಕಡಿದೆ.

ಹೊರಟ ದಿನ ಡಾಕ್ಟರು ನನ್ನ ಪಕ್ಕ, ನಾನು ಭಾಭಿ ಎನ್ನುವ ಅವರ ಹೆಂಡತಿ ಹಿಂದೆ, ಭಾಭಿಯ ಪಕ್ಕ ಸೀಟಿನ ಮೇಲೆ ಆ ದವಡೆ. ಹೆಬ್ಬಾಳದ ಫ್ಲೈಓವರ್ ಇಳಿಯುತ್ತಿದ್ದಂತೆ ಸ್ಕೂಟರೊಂದು ಎಡದಿಂದ ನುಗ್ಗಿ ಅಡ್ಡ ಬಂತು. ಇದ್ದಬದ್ದ ಚಿಂತೆಯನ್ನೆಲ್ಲ ಬಲಗಾಲಿಗೆ ಇಳಿಸಿ ಒತ್ತಿದೆ. ಹಿಂದೆ ಏನೋ ಧಡ್ ಎಂದಿತು.

“ಯಾ ಅಲ್ಲಾ! ಮೂರ್ತಿ ಭಾಯ್, ನಿಂತ್ತಾ?”

“ನಿಂತಿದೆ ಭಾಭಿ.”

ಡಾಕ್ಟರು ಕಿಟಕಿಯಿಂದ ತಲೆ ಹೊರಹಾಕಿ ಚಕ್ರ ನೋಡಿದರು. “ನೆಟ್ಟಗೆ ನಿಂತಿದೆ. ನನ್ ಕಡೆಗೂ ಎಳೀಲಿಲ್ಲ, ನಿಮ್ ಕಡೆಗೂ ಎಳೀಲಿಲ್ಲ.” ಹಿಂದಿನವರು ಹಾರನ್ ಬಡಿಯುತ್ತಿದ್ದರೂ ನನ್ನ ಕೈ ಕುಲುಕಿದ ಮೇಲೆಯೇ ಮುಂದೆ ಹೋಗಲು ಬಿಟ್ಟದ್ದು.

ಈಗ ಪಕ್ಕದ ಮನೆಯ ಶಟರು ಇಳಿದಿದೆ. ಕಾರಿನದೆಂದು ಆಣೆ ಮಾಡಿದ್ದ ಕನ್ನಡಿಯನ್ನು ನನಗೇ ಕೊಟ್ಟು ಹೋದರು. ಭಾನುವಾರ ಗೋಣಿಚೀಲ ಹಾಸಿ ಚಕ್ರದ ಮುಂದೆ ಕೂತರೆ, “ಆ ಅನ್ನಪ್ಪಾ,” ಎನ್ನದೆ ನನ್ನ ಕೈ ಓಡುವುದಿಲ್ಲ.

ಅವತ್ತು ಬಾಗಲೂರಿನಲ್ಲಿ ಸಾಮಾನು ಇಳಿಸುವಾಗ ಡಾಕ್ಟರು ಸೀಟಿನ ಕೆಳಗೆ ಬಿದ್ದಿದ್ದ ದವಡೆಯನ್ನು ಎತ್ತಿ ತಿರುಗಿಸಿ ನೋಡಿದರು. ಮುಂದಿನ ಹಲ್ಲೊಂದು ಮುರಿದಿತ್ತು. ಆಮೇಲೆ ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. “ಇಷ್ಟು ವರ್ಷ ಕೈಯಲ್ಲಿ ಹಲ್ಲು ಕಿತ್ತೋನು ನಾನು. ನೀವು ಕಾಲಲ್ಲೇ ಕಿತ್ಬಿಟ್ರಲ್ರೀ ಮೂರ್ತಿ!”