ರಸ್ತೆಯ ಆಚೆಗಿನ ಸಬ್ಬಸಗಿ

ನಮ್ಮ ಅಕ್ಕ ಸೋಮವ್ವ ಸಂಪಗಾಂವದವಳು. ಮಗಳು ಪ್ರಣಿತಾಳ ಎರಡನೇ ಬಾಣಂತನಕ್ಕೆ ಹುಬ್ಬಳ್ಳಿಗೆ ಹೋದಳು. ಜೋಳದ ಹಿಟ್ಟಿನ ಚೀಲ ಹೊತ್ತು ನಾನೂ ಹೋಗಿದ್ದೆ.

ಕೂಸಿಗೆ ಎದೆಹಾಲು ಸಾಲುತ್ತಿರಲಿಲ್ಲ. ಎಳೆಯ ಸಬ್ಬಸಗಿ ತಿಂದರೆ ಹಾಲು ಹೆಚ್ಚುತ್ತದೆ ಎಂದು ಅಕ್ಕನ ನಂಬಿಕೆ. ಅಳಿಯ ಸಂಜೆ ತಂದ ಸೊಪ್ಪು ಬಾಡಿತ್ತು. ಕಾಯಿಪಲ್ಯದ ಸಂತೆ ಮನೆಯ ಎದುರಿಗೇ ಇತ್ತು, ಆದರೆ ದೊಡ್ಡ ರಸ್ತೆಯ ಆಚೆ. ರಸ್ತೆಯ ನಡುವೆ ಎದೆಮಟ್ಟದ ಕಬ್ಬಿಣದ ಬೇಲಿ. ದಾಟುವ ಸೇತುವೆ ದೂರ, ಅದಕ್ಕೆ ಮೆಟ್ಟಿಲು. ಅಕ್ಕನ ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ.

"ನಾ ತರತೇನಿ" ಅಂದೆ.

"ನೀ ಹೋದ್ರ ಕೊತ್ತಂಬರಿ ತರತಿ" ಅಂದಳು.

ಮುಂಜಾನೆಯೆಲ್ಲ ಕಿಟಕಿಯಲ್ಲಿ ಕುಂತು ರಸ್ತೆ ನೋಡಿದಳು. ಆಮೇಲೆ ನನ್ನನ್ನು ಕರೆದಳು.

"ಆ ಚೆಂಡುಹೂವಿನ ಮಾಲಿ ಹಾಕಿದ ಬಸ್ಸು ಆಗಳೆ ಈ ಬಾಜೂ ಹೋತು. ಈಗ ಆ ಬಾಜೂ ಬಂತು. ಎಲ್ಲಿ ದಾಟಿತೋ ಅದು?"

"ಕಡೀ ಸ್ಟಾಪಿನ್ಯಾಗ ತಿರುಗಿ ಬರತೈತಿ."

"ಹಂಗಾರ ನಾನೂ ಅದರ ಜೋಡಿ ತಿರುಗತೇನಿ. ಏಳು."

ಬಸ್ಸು ಹತ್ತಿದೆವು. ಕಂಡಕ್ಟರ್ ಎಲ್ಲಿಗೆಂದು ಕೇಳಿದ. ಅಕ್ಕ ಕಿಟಕಿಯ ಹೊರಗೆ ಸಂತೆಯತ್ತ ಬೆರಳು ಮಾಡಿದಳು.

"ಯವ್ವಾ, ಅದು ಇಲ್ಲೇ ಎದುರಿಗೆ ಐತಲ್ಲ!"

"ಎದುರಿಗೆ ಐತಿ. ಹಾದಿ ಇಲ್ಲಲ್ಲೋ ತಮ್ಮಾ."

ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರನೂ ನಕ್ಕ. "ಯವ್ವಗ ಪುಕ್ಕಟೆ. ಕಾಕಾ, ನೀವು ರೊಕ್ಕಾ ತಗೀರಿ" ಅಂದ.

ಕಡೆಯ ಸ್ಟಾಪಿನಲ್ಲಿ ಬಸ್ಸು ತಿರುಗುವಾಗ ಅಕ್ಕ ಎದ್ದು ನಿಂತು ನೋಡಿದಳು. "ಇಷ್ಟ ದೂರ ಬಂದು ತಿರುಗಬೇಕಾ? ಈ ರಸ್ತಿ ಮಾಡಿದವರ ಮನ್ಯಾಗ ಬಾಣಂತಿ ಇದ್ದಿಲ್ಲೇನ?" ಅಂದಳು.

ಸಂತೆಯ ಮುಂದೆ ಇಳಿದು, ಸಬ್ಬಸಗಿಯ ದಂಟು ಚಿವುಟಿ, ಮೂಸಿ ಆರಿಸಿದಳು. ಸೊಪ್ಪಿನ ಸಿವುಡಿಗೆ ಒದ್ದೆ ಬಟ್ಟೆ ಸುತ್ತಿದಳು. ಮನೆಗೆ ಬರಲು ಮತ್ತೆ ಬಸ್ಸು, ಇನ್ನೊಂದು ತುದಿಯವರೆಗೆ.

"ಯವ್ವಾ, ಎದುರಿನ ಸಂತಿಗೆ ಹೋಗಿ ಬರಾಕ ಇಷ್ಟೊತ್ತ?" ಪ್ರಣಿತಾ ಕೇಳಿದಳು.

"ಹುಬ್ಬಳ್ಳಿ ಎರಡೂ ತುದಿ ನೋಡಿ ಬಂದೇನಿ. ನೀ ಉಣ್ಣು ಮೊದಲ."

ಪ್ರಣಿತಾ ಪಲ್ಯ ಹಚ್ಚಿಕೊಂಡು ಎರಡು ರೊಟ್ಟಿ ತಿಂದಳು. ಸೊಪ್ಪಿನಿಂದಲೋ, ತಾಯಿಯ ಕೈ ಅಡುಗೆಯಿಂದಲೋ ನನಗೆ ತಿಳಿಯದು, ಸಂಜೆ ಕೂಸು ಹೊಟ್ಟೆ ತುಂಬಾ ಕುಡಿದು ಮಲಗಿತು.

ಮರುದಿನ ಮುಂಜಾನೆ ಕೆಳಗಿನ ಮನೆಯ ಮುದುಕಿ ಕೃಷ್ಣವ್ವ, ಪ್ರಣಿತಾಳಿಂದ ಸುದ್ದಿ ಕೇಳಿ, ಚೀಲ ಹಿಡಿದು ಬಾಗಿಲಿಗೆ ಬಂದಳು. ಆಕೆ ಆ ಮನೆಗೆ ಬಂದು ವರ್ಷಗಳಾಗಿದ್ದವು. ಆ ಸಂತೆಯನ್ನು ಕಿಟಕಿಯಿಂದ ಮಾತ್ರ ನೋಡಿದ್ದಳಂತೆ.

"ನಿಮ್ಮ ಹೂವಿನ ಬಸ್ಸು ಯಾವಾಗ ಬರತೈತ್ರಿ, ಸೋಮವ್ವಾ?"

ಅಕ್ಕ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.